ನಿವೃತ್ತಿಯ ನಂತರ ಯಾವ ಊರಿನ ಹವೆ ನಮಗೆ ಹಿಡಿಸುತ್ತದೆ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು, ನಮ್ಮ ಮನೆಯವರು ಶಿರಸಿ ಕಡೆಯವರು. ಮೂವತ್ತೊಂದು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಬರುವ ಮಾರ್ಚ್‌ಗೆ ಬ್ಯಾಂಕ್ ನೌಕರಿಯಿಂದ ನಿವೃತ್ತಿ. ನನಗೆ ಮಂಡಿನೋವು, ಬಿಪಿ ಇದೆ. ಮನೆಯವರಿಗೆ ಹತ್ತು ವರ್ಷದಿಂದ ಉಬ್ಬಸ. ಅವರು ಹಿಂದೂಸ್ತಾನಿ ಹಾಡುತ್ತಾರೆ, ದಿನವೂ ತಂಬೂರಿ ಹಿಡಿದು ಕೂರುವ ರೂಢಿ. ಮಗಳು ಹೈದರಾಬಾದಿನಲ್ಲಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಸಕಲೇಶಪುರದ ಹತ್ತಿರ ಹೋಮ್‌ಸ್ಟೇ ಒಂದರಲ್ಲಿ ನಾಲ್ಕು ದಿನ ಇದ್ದು ಬಂದೆವು. ಇಬ್ಬರಿಗೂ ಬಹಳ ಇಷ್ಟವಾಯಿತು. ಪಕ್ಕದಲ್ಲೇ 15 ಗುಂಟೆ ಜಾಗ ಮಾರಾಟಕ್ಕಿದೆ, ಈ ತಿಂಗಳ ಕೊನೆಯೊಳಗೆ ಮುಂಗಡ ಕೊಡಿ ಎನ್ನುತ್ತಿದ್ದಾರೆ. ಉಡುಪಿ, ಮೈಸೂರು, ಧಾರವಾಡವೂ ನಮ್ಮ ಮನಸ್ಸಿನಲ್ಲಿವೆ. ಬೆಂಗಳೂರಿನ ಫ್ಲ್ಯಾಟ್ ಮಾರಿ ಹೋಗುವ ಯೋಚನೆ. ಇವುಗಳಲ್ಲಿ ಒಳ್ಳೆಯ ಹವೆ ಯಾವ ಊರಿನದು?

ಉತ್ತರ: ಮುಂಗಡ ಕೊಡಬೇಡಿ. ತಿಂಗಳ ಕೊನೆಯ ಗಡುವಿದೆ ಎಂದಿದ್ದೀರಿ, ಅದಕ್ಕೇ ಇದನ್ನು ಮೊದಲು ಹೇಳಿಬಿಟ್ಟೆ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನೀವು ಸಕಲೇಶಪುರವನ್ನು ನೋಡಿದ್ದು ಡಿಸೆಂಬರಿನಲ್ಲಿ. ಕಾಫಿ ಹಣ್ಣು ಕೊಯ್ಯುವ ಕಾಲ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಹದವಾದ ಬಿಸಿಲು, ಸಂಜೆ ಶಾಲು ಹೊದ್ದು ಜಗಲಿಯಲ್ಲಿ ಕೂರುವಷ್ಟು ಚಳಿ. ಮಲೆನಾಡಿನ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಭೂಗೋಳ ಪಾಠ ಮಾಡಿದವನು ನಾನು. ವರ್ಗಾವಣೆಯ ದೆಸೆಯಿಂದ ರಾಯಚೂರು, ಕಾರವಾರ, ತೀರ್ಥಹಳ್ಳಿ, ಧಾರವಾಡ ಎಲ್ಲ ಕಡೆಯೂ ಮನೆ ಮಾಡಿದ್ದೇನೆ. ಪಾಠ ಮಾಡಿ ಕಲಿತದ್ದಕ್ಕಿಂತ ಬಾಡಿಗೆ ಮನೆಗಳಲ್ಲಿದ್ದು ಕಲಿತದ್ದು ಹೆಚ್ಚು. ಊರಿನ ಹವೆಯನ್ನು ಅದರ ಅತಿ ಕೆಟ್ಟ ತಿಂಗಳಿಂದ ಅಳೆಯಬೇಕು. ಜೊತೆಗೆ ನಿಮ್ಮ ಮೈ ಅತಿ ಸೋತಿರುವ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ತಿಂಗಳಲ್ಲಿ ಆ ದಿನ ಬಂದರೆ ಇಲ್ಲಿ ಬದುಕು ಹೇಗಿರುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಹಿಸುವಂತಿದ್ದರೆ ಉಳಿದ ಹನ್ನೊಂದು ತಿಂಗಳು ತಾವಾಗಿ ಸಾಗುತ್ತವೆ.

ಸರಾಸರಿ ಉಷ್ಣಾಂಶ ನೋಡಿ ಊರು ಆರಿಸುವವರು ಬಹಳ ಮಂದಿ. ಅವರಿಗೆ ನಾನು ಎರಡು ಊರುಗಳನ್ನು ತೋರಿಸುತ್ತೇನೆ. ನಿಮ್ಮ ರಾಯಚೂರಿನ ವಾರ್ಷಿಕ ಸರಾಸರಿ 27–28 ಡಿಗ್ರಿಯ ಆಸುಪಾಸು. ಮಂಗಳೂರಿನದೂ ಸುಮಾರು 27. ಅಂಕಿಯಲ್ಲಿ ಅವಳಿ ಊರುಗಳು. ಆದರೆ ರಾಯಚೂರಿನಲ್ಲಿ ಏಪ್ರಿಲ್–ಮೇ ಬಂತೆಂದರೆ ಬಿಸಿಲು 40 ದಾಟುತ್ತದೆ, ಡಿಸೆಂಬರಿನ ರಾತ್ರಿ ಹೊದಿಕೆ ಬೇಕಾಗುತ್ತದೆ. ಮಂಗಳೂರಿನಲ್ಲಿ ಎರಡೂ ತುದಿಗಳಿಲ್ಲ. ಹಗಲು 33, ರಾತ್ರಿ 25, ನಡುವೆ ಎಡೆಬಿಡದ ಬೆವರು. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿದ್ದರೆ ಬೆವರು ಆರುವುದಿಲ್ಲ, ಅಂಗಿಗೆ ಇಳಿಯುತ್ತದೆ. ಅದಕ್ಕೇ ರಾಯಚೂರಿನ 38 ಡಿಗ್ರಿಯಲ್ಲಿ ಬೇವಿನ ಮರದ ನೆರಳು ಸಿಕ್ಕರೆ ಜೀವ ಬರುತ್ತದೆ, ಮಂಗಳೂರಿನ 33ರಲ್ಲಿ ನೆರಳಿಗೆ ಹೋದರೂ ಬೆವರು ಬಿಡುವುದಿಲ್ಲ, ಫ್ಯಾನೇ ಬೇಕು. ಬಿಪಿ ಇರುವವರಿಗೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡು ಬಗೆಯ ಸೆಕೆಯೂ ತೊಂದರೆಯೇ. ನಿಮ್ಮ ಮಾತ್ರೆ ಯಾವುದು ಎಂದು ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಮಳೆಯ ವಿಷಯಕ್ಕೆ ಬಂದರೆ, ನಮ್ಮ ನಾಡಿನಷ್ಟು ಕಡಿಮೆ ದೂರದಲ್ಲಿ ಇಷ್ಟು ಬದಲಾಗುವ ಮಳೆ ಎಲ್ಲೂ ಸುಲಭವಾಗಿ ಸಿಗದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಪೂರ್ವಕ್ಕೆ ಬಂದರೆ ತೀರ್ಥಹಳ್ಳಿ, ಅಲ್ಲಿ ಸುಮಾರು 3000. ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಸಾವಿರದೊಳಗೆ ಇಳಿದಿರುತ್ತದೆ. ಚಿತ್ರದುರ್ಗದಲ್ಲಿ ಸುಮಾರು 600. ಇನ್ನೂರು ಕಿಲೋಮೀಟರಿನ ದಾರಿಯಲ್ಲಿ ಹತ್ತರಲ್ಲೊಂದು ಪಾಲು ಉಳಿಯಿತು! ಕಾರಣ ನಿಮಗೆ ಗೊತ್ತಿರುವುದೇ: ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗಿ ಹೊತ್ತ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ, ಆಚೆ ಬದಿಗೆ ಇಳಿಯುವಾಗ ಗಾಳಿ ಬಿಸಿಯಾಗಿ ಒಣಗುತ್ತದೆ. ಇದರಿಂದ ನಿಮಗಾಗುವ ಪ್ರಯೋಜನ ಏನೆಂದರೆ, ಜಿಲ್ಲೆಯ ಹೆಸರು ನೋಡಿ ಹವೆ ತೀರ್ಮಾನಿಸುವಂತಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಶೃಂಗೇರಿಯೂ ಇದೆ, ಕಡೂರೂ ಇದೆ. ಒಂದು ಕಡೆ ಛತ್ರಿ ಮಡಿಸಲು ಬಿಡುವಿಲ್ಲ, ಇನ್ನೊಂದು ಕಡೆ ಕೆರೆ ತುಂಬಿದರೆ ಊರ ಹಬ್ಬ. ಹಾಸನ ಜಿಲ್ಲೆಯಲ್ಲೂ ಹಾಗೆಯೇ, ಸಕಲೇಶಪುರ ಮತ್ತು ಅರಸೀಕೆರೆ.

ಸಕಲೇಶಪುರ ಪಟ್ಟಣದಲ್ಲೇ ಮಳೆ 2000 ಮಿಲಿಮೀಟರ್ ಮೀರುತ್ತದೆ, ಘಾಟಿಯ ಅಂಚಿಗೆ ಸರಿದಂತೆ ಇನ್ನೂ ಬಹಳ ಹೆಚ್ಚು. ಬೆಂಗಳೂರಿನ ಮಳೆ ಸಾವಿರದ ಹತ್ತಿರ, ಅದೂ ಹೆಚ್ಚಾಗಿ ಸಂಜೆ ಗುಡುಗಿ ಸುರಿದು ಹೋಗುವಂಥದ್ದು. ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಿರುತ್ತದೆ. ಮಲೆನಾಡಿನ ಮಳೆ ಹಾಗಲ್ಲ. ಮೃಗಶಿರದಲ್ಲಿ ಹಿಡಿದರೆ ಆಶ್ಲೇಷದವರೆಗೂ ಸೂರ್ಯನ ಮುಖ ಕಾಣುವುದು ಅಪರೂಪ. ನಿಮ್ಮ ಮನೆಯವರು ಶಿರಸಿಯವರು, ಇದನ್ನು ನಾನು ಅವರಿಗೆ ಹೇಳಿಕೊಡಬೇಕಿಲ್ಲ. ಆದರೆ ಅವರು ಆ ಮಳೆಯಲ್ಲಿ ಬೆಳೆದದ್ದು ಉಬ್ಬಸ ಇಲ್ಲದ ಕಾಲದಲ್ಲಿ, ಕೂಡುಕುಟುಂಬದ ದೊಡ್ಡ ಮನೆಯಲ್ಲಿ, ಬಚ್ಚಲೊಲೆ ದಿನವಿಡೀ ಉರಿಯುತ್ತಿದ್ದ ದಿನಗಳಲ್ಲಿ. ತವರಿನ ನೆನಪು ನಿಜ, ಅದರ ಮೇಲೆ ಮನೆ ಕಟ್ಟುವಾಗ ಮಾತ್ರ ಎಚ್ಚರ ಬೇಕು.

ತೀರ್ಥಹಳ್ಳಿಯಲ್ಲಿ ನಾವಿದ್ದಾಗಿನ ಒಂದು ಜುಲೈ ಹೇಳುತ್ತೇನೆ. ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದೆವು, ಇಲ್ಲದಿದ್ದರೆ ಕಡ್ಡಿ ಗೀರಿದಾಗ ಮದ್ದು ಉದುರಿ ಬೀಳುತ್ತಿತ್ತು. ಉಪ್ಪಿನ ಭರಣಿಯಲ್ಲಿ ಮೇಲೆ ಉಪ್ಪು, ಕೆಳಗೆ ನೀರು. ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರು ಗಳುವಿಗೆ ಹಾಕಿ ಒಣಗಿಸುತ್ತಿದ್ದೆವು. ಕಾಲೇಜಿಗೆ ಹಾಕಿಕೊಂಡು ಹೋದ ಅಂಗಿಯಿಂದ ಹೊಗೆ ವಾಸನೆ ಬರುತ್ತಿತ್ತು. ಅದೆಲ್ಲ ರೂಢಿಯಾಯಿತು. ಒಂದು ದಿನ ನಮ್ಮ ಮನೆಯವರು ಟ್ರಂಕ್ ತೆರೆದು ಮದುವೆಯ ಸೀರೆ ಬಿಡಿಸಿದರು. ಮಡಿಕೆಯುದ್ದಕ್ಕೂ ಬೂದು ಹಸಿರು ಬೂಷ್ಟು. ಅದೇ ಬೂಷ್ಟು ಗೋಡೆಯ ಮೂಲೆಯಲ್ಲಿತ್ತು, ದಿಂಬಿನೊಳಗಿತ್ತು, ನಮ್ಮ ತಾಯಿಯ ಎದೆಗೂ ಇಳಿದಿತ್ತು. ಅವರಿಗೂ ಉಬ್ಬಸವಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಗೋಡೆಗೆ ಬೆನ್ನು ಕೊಟ್ಟು ಉಸಿರು ಎಳೆಯುತ್ತಿದ್ದರು. ಆ ಶಬ್ದ ಹೆಂಚಿನ ಮೇಲಿನ ಮಳೆಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಕೊನೆಗೆ ಆಗಸ್ಟಿನಲ್ಲಿ ಕಡೂರಿಗೆ, ನಮ್ಮ ಅಕ್ಕನ ಮನೆಗೆ ಕರೆದೊಯ್ದು ಬಿಟ್ಟೆ. ಎಂಟು ದಿನಕ್ಕೆ ಅವರು ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾರೆ ಎಂದು ಅಕ್ಕ ಕಾಗದ ಬರೆದಳು. ಔಷಧಿ ಬದಲಾಗಿರಲಿಲ್ಲ, ಊರು ಬದಲಾಗಿತ್ತು.

ಹಾಗೆಂದು ಎಲ್ಲ ಉಬ್ಬಸಕ್ಕೂ ತೇವವೇ ಕಾರಣವಲ್ಲ. ಕೆಲವರಿಗೆ ಬೂಷ್ಟು ಆಗದು, ಕೆಲವರಿಗೆ ಹಾಸಿಗೆಯಲ್ಲಿರುವ ಕಣ್ಣಿಗೆ ಕಾಣದ ದೂಳುಹುಳ ಆಗದು. ಈ ಎರಡೂ ತೇವದಲ್ಲಿ ಬೆಳೆಯುವಂಥವು. ಇನ್ನು ಕೆಲವರಿಗೆ ಒಣದೂಳು, ವಾಹನದ ಹೊಗೆ, ಕಾಂಗ್ರೆಸ್ ಕಸದ ಪರಾಗ ಆಗದು. ಇವು ಬಯಲುಸೀಮೆಯ ಮತ್ತು ನಗರದ ಕಾಟ. ಚಳಿಗಾಳಿ ಬೀಸಿದರೆ ಸಾಕು, ಎದೆ ಹಿಡಿಯುವವರೂ ಇದ್ದಾರೆ. ನಿಮ್ಮ ಮನೆಯವರದು ಯಾವ ಗುಂಪು ಎಂದು ತಿಳಿಯದೆ ಊರು ಆರಿಸುವುದು ಕಣ್ಣು ಕಟ್ಟಿಕೊಂಡು ಬಾಣ ಬಿಟ್ಟಂತೆ. ಶ್ವಾಸಕೋಶ ತಜ್ಞರ ಹತ್ತಿರ ಹೋಗಿ ಅಲರ್ಜಿ ಪರೀಕ್ಷೆ ಮಾಡಿಸಿ. ಮುಂಗೈ ಮೇಲೆ ಒಂದೊಂದು ಹನಿ ಹಾಕಿ ಸೂಜಿಯಿಂದ ಚುಚ್ಚಿ ನೋಡುತ್ತಾರೆ, ಕಾಲು ಗಂಟೆಯಲ್ಲಿ ದದ್ದು ಏಳುತ್ತದೋ ಇಲ್ಲವೋ ಗೊತ್ತಾಗುತ್ತದೆ. ಜಾಗಕ್ಕೆ ಕೊಡಲಿರುವ ದುಡ್ಡಿನ ಮುಂದೆ ಇದರ ಖರ್ಚು ಏನೂ ಅಲ್ಲ. ಬೂಷ್ಟು, ದೂಳುಹುಳಕ್ಕೆ ದದ್ದು ಎದ್ದರೆ ಸಕಲೇಶಪುರ ಮತ್ತು ಉಡುಪಿ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ.

ಆ 15 ಗುಂಟೆಯ ಬಗ್ಗೆ ಇನ್ನೂ ಮೂರು ಮಾತು ಹೇಳದೆ ಮುಂದೆ ಹೋಗಲಾರೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟ ವರ್ಷವಿಡೀ ಇದೆ. ತೋಟದ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಮೊದಲು ವಿಚಾರಿಸುವುದು ಆನೆ ಎಲ್ಲಿದೆ ಎಂದು. ಮಂಡಿನೋವಿಗೆ ವೈದ್ಯರು ದಿನಾ ನಡೆಯಿರಿ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಒಬ್ಬರೇ ರಸ್ತೆಗಿಳಿಯಲಾಗದ ಜಾಗದಲ್ಲಿ ಆ ನಡಿಗೆ ಹೇಗೆ ಸಾಧ್ಯ? ಎರಡನೆಯದು ಇಳಿಜಾರು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದನ್ನೂ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನೂ ನಾವೆಲ್ಲ ನೋಡಿದ್ದೇವೆ. ಸಕಲೇಶಪುರದ ಪಕ್ಕದ ದೋಣಿಗಾಲ್‌ನಲ್ಲಿ ಹೆದ್ದಾರಿ ಮಳೆಗಾಲಕ್ಕೆ ಮತ್ತೆ ಮತ್ತೆ ಕುಸಿದಿದೆ. ಮನೆ ಕಟ್ಟಲು ಗುಡ್ಡ ಕಡಿದು ಸಮ ಮಾಡಿದ ಜಾಗವಾಗಿದ್ದರೆ, ಹಿಂದಿನ ಬರೆಯ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯ) ಮೇಲೆ ಮರಗಳು ಒಂದೇ ಕಡೆ ವಾಲಿದ್ದರೆ, ಬರೆಯ ಬುಡದಲ್ಲಿ ಮಳೆಗಾಲದಲ್ಲಿ ಹೊಸ ಜಲ ಒಡೆಯುತ್ತದೆ ಎಂದು ಅಕ್ಕಪಕ್ಕದವರು ಹೇಳಿದರೆ, ಅಲ್ಲಿಂದ ಹಿಂದಿರುಗಿ. ಡಿಸೆಂಬರಿನಲ್ಲಿ ಇದಾವುದೂ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ಆಸ್ಪತ್ರೆ. ದೊಡ್ಡ ಚಿಕಿತ್ಸೆ ಬೇಕಾದರೆ ಹಾಸನ ಸುಮಾರು 40 ಕಿಲೋಮೀಟರ್, ಅದೂ ಪಟ್ಟಣದಿಂದ. ತೋಟದ ಮಣ್ಣುರಸ್ತೆಯಿಂದ ಪಟ್ಟಣಕ್ಕೆ ಬರುವ ಹೊತ್ತನ್ನು ಬೇರೆ ಸೇರಿಸಿಕೊಳ್ಳಬೇಕು. ಇನ್ನೊಂದು ದಿಕ್ಕಿನಲ್ಲಿ ಮಂಗಳೂರು, ನಡುವೆ ಶಿರಾಡಿ ಘಾಟಿ. ಈಗ ನಿಮಗೆ ಅರವತ್ತು, ಕಾರು ಓಡಿಸುತ್ತೀರಿ. ಎಪ್ಪತ್ತೈದಕ್ಕೆ, ಮಳೆಯ ರಾತ್ರಿ, ಕರೆಂಟು ಹೋಗಿ ಮೂರು ದಿನವಾಗಿ ಮೊಬೈಲ್ ಸಿಗ್ನಲ್ಲೂ ಇಲ್ಲದಿರುವಾಗ ಮನೆಯವರಿಗೆ ಉಸಿರು ಕಟ್ಟಿತೆಂದು ಇಟ್ಟುಕೊಳ್ಳಿ. ಹೆದರಿಸಲು ಹೇಳುತ್ತಿಲ್ಲ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ಗೂ ಕರೆಂಟು ಬೇಕು ಎಂಬ ಒಂದೇ ಕಾರಣಕ್ಕೆ ಹೇಳುತ್ತಿದ್ದೇನೆ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ನೆಂಟರಿದ್ದಾರೆ, ಜೀಪು ತರುವ ನೆರೆಯವರಿದ್ದಾರೆ. ಹೊಸದಾಗಿ ಹೋದವರಿಗೆ ಆ ಬಳಗ ಕಟ್ಟಿಕೊಳ್ಳಲು ಹತ್ತು ವರ್ಷ ಬೇಕು.

ಉಡುಪಿ ಇದಕ್ಕೆ ತದ್ವಿರುದ್ಧ. ಊರೊಳಗೆ ಬಹುಪಾಲು ಸಮತಟ್ಟು, ಕೂಗಳತೆಯಲ್ಲಿ ಮಣಿಪಾಲದ ಕೆಎಂಸಿ, ಕೊಂಕಣ ರೈಲ್ವೆ, ಶಿಸ್ತಿನ ಬಸ್ಸುಗಳು, ಒಳ್ಳೆಯ ಊಟ. ಬಾವಿ ತೋಡಿದರೆ ನೀರು. ಉಬ್ಬಸ ಇಲ್ಲದ ದಂಪತಿ ಕೇಳಿದ್ದರೆ ಖುಷಿಯಿಂದ ಹೋಗಿ ಎನ್ನುತ್ತಿದ್ದೆ. ನಿಮಗೆ ಹಾಗೆ ಹೇಳಲಾರೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯ ತೇವ, ಉಳಿದ ಎಂಟು ತಿಂಗಳು ಬೆವರು. ಕಾರವಾರದಲ್ಲಿ ನಾವಿದ್ದ ಮನೆಯ ಕಬ್ಬಿಣದ ಗೇಟು ಎರಡೇ ವರ್ಷಕ್ಕೆ ಪದರ ಪದರವಾಗಿ ಎದ್ದಿತ್ತು. ಸಮುದ್ರದ ಗಾಳಿಯಲ್ಲಿರುವ ಉಪ್ಪು ತಂಬೂರಿಯ ತಂತಿಯನ್ನೂ ಬಿಡುವುದಿಲ್ಲ.

ತಂಬೂರಿಯ ಮಾತು ಬಂತಲ್ಲ, ಅದನ್ನು ಸುಮ್ಮನೆ ಎತ್ತಲಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಸಾಲು ಅದು. ಒಬ್ಬರ ದಿನ ಯಾವುದರ ಸುತ್ತ ಸುತ್ತುತ್ತದೆ ಎಂದು ತಿಳಿದರೆ ಊರು ಆರಿಸುವುದು ಅರ್ಧ ಮುಗಿದಂತೆ. ತಂಬೂರಿಯ ಬುರುಡೆ ಒಣಗಿದ ಸೋರೆಕಾಯಿ. ತೇವದ ಊರಿನಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಮರ ಉಬ್ಬಿ ಬಿರಡೆ ತಿರುಗದಂತಾಗುತ್ತದೆ, ತಂತಿಯ ಝೇಂಕಾರವಾದ ಜವಾರಿ ಕೆಡುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಅದೇ ಬುರುಡೆ ಒಣಗಿ ಬಿರುಕು ಬಿಡುತ್ತದೆ, ಬೆಸುಗೆ ಸಡಿಲವಾಗುತ್ತದೆ. ಉಬ್ಬಸದ ಎದೆಗೂ ಈ ವಾದ್ಯಕ್ಕೂ ಬೇಕಾದ ಹವೆ ಹೆಚ್ಚುಕಡಿಮೆ ಒಂದೇ: ಅತಿ ಹಸಿಯೂ ಅಲ್ಲ, ಅತಿ ಒಣವೂ ಅಲ್ಲ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಮೈಸೂರು ಮತ್ತು ಧಾರವಾಡ ಎರಡೇ ಉಳಿಯುತ್ತವೆ. ಎರಡೂ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಎತ್ತರ ಏರಿದಂತೆ ನೂರು ಮೀಟರಿಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪಾಗುತ್ತದೆ. ಎರಡು ಊರುಗಳಲ್ಲೂ ಮಳೆ 800 ಮಿಲಿಮೀಟರಿನ ಅಕ್ಕಪಕ್ಕ.

ಹವೆಯೊಂದನ್ನೇ ತೂಗಿದರೆ ನನ್ನ ತಕ್ಕಡಿ ಮೈಸೂರಿನ ಕಡೆ ವಾಲುತ್ತದೆ. ಅಲ್ಲಿ ಜುಲೈನಲ್ಲಿ ಮೋಡ, ತುಂತುರು, ತಂಪು ಗಾಳಿ ಅಷ್ಟೇ. ಜೋರು ಮಳೆ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅದೂ ಬಂದು ಹೋಗುವ ಮಳೆ. ತಿಂಗಳುಗಟ್ಟಲೆ ಗೋಡೆ ಒದ್ದೆಯಾಗಿರುವುದಿಲ್ಲ. ಬೇಸಿಗೆಯ ಹಗಲು 35–36ಕ್ಕೆ ಹೋದರೂ ರಾತ್ರಿ ತಣಿಯುತ್ತದೆ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯುವ ವಯಸ್ಸಾದವರನ್ನು ನೋಡಿದರೆ ಆ ಊರಿಗೇ ಹೋಗಿಬಿಡೋಣ ಎನಿಸುತ್ತದೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಸೇರಿ ಆಸ್ಪತ್ರೆಗಳು ಬೇಕಾದಷ್ಟಿವೆ. ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಮಾತ್ರ ಕಾವೇರಿ, ಕಬಿನಿ ನೀರು ಬರುತ್ತದೆಯೋ ಬೋರ್‌ವೆಲ್ಲೋ ಎಂದು ಕೇಳಿಕೊಳ್ಳಬೇಕು.

ಆದರೂ ನಿಮಗೆ ನಾನು ಹೇಳುವುದು ಧಾರವಾಡ. ಶಿರಸಿಯ ತವರಿಗೆ ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಅಣ್ಣತಮ್ಮಂದಿರ ಮನೆಯಲ್ಲಿ ಊಟ ಮಾಡಿ ರಾತ್ರಿಗೆ ಮರಳಬಹುದು. ಮಲೆನಾಡು ಬೇಕೆನಿಸಿದಾಗ ಡಿಸೆಂಬರಿನಲ್ಲಿ ಹದಿನೈದು ದಿನ ಅಲ್ಲೇ ಇದ್ದು ಬರಲಿ, ಮಳೆಗಾಲದಲ್ಲಿ ಬೇಡ. ರಾಯಚೂರು ದೂರವಾದರೂ ಒಂದೇ ದಿನದ ಪಯಣ, ಹುಬ್ಬಳ್ಳಿಯಿಂದ ಹೈದರಾಬಾದಿಗೆ ರೈಲಿದೆ. ಮೈಸೂರಿಗೆ ಹೋದರೆ ನಿಮ್ಮ ಊರು, ಅವರ ಊರು, ಮಗಳ ಊರು ಮೂರೂ ದೂರವಾಗುತ್ತವೆ. ಇನ್ನು ಸಂಗೀತ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಬಾಳಿದ ಊರು, ಗಂಗೂಬಾಯಿ ಹಾನಗಲ್ಲರು ಹುಟ್ಟಿದ ಊರು ಅದು. ಇವತ್ತಿಗೂ ಅಲ್ಲಿನ ಓಣಿಗಳಲ್ಲಿ ಬೆಳಿಗ್ಗೆ ಯಾರದೋ ಮನೆಯಿಂದ ಷಡ್ಜ ಕೇಳಿಬರುತ್ತದೆ. ಕಛೇರಿಗೆ ಹೋದರೆ ಪಕ್ಕದಲ್ಲಿ ಕೂತವರು ರಾಗ ಗುರುತಿಸುವವರೇ ಆಗಿರುತ್ತಾರೆ. ತಂಬೂರಿ ದುರಸ್ತಿಗೆ ಬಂದರೆ, ತಂಬೂರಿಗೇ ಹೆಸರಾದ ಮಿರಜ್ ರೈಲಿನ ದಾರಿಯಲ್ಲೇ ಇದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಒಬ್ಬರೇ ಕೂತು ಹಾಡಿದವರಿಗೆ ಇಂಥ ನೆರೆಹೊರೆ ಸಿಗುವುದು ಸಣ್ಣ ಮಾತಲ್ಲ. ಅರವತ್ತರ ನಂತರ ಜನ ಸೊರಗುವುದು ಬಿಸಿಲಿಗಿಂತ ಹೆಚ್ಚಾಗಿ ಒಂಟಿತನದಿಂದ. ನಾನು ಕಣ್ಣಾರೆ ಕಂಡದ್ದು ಇದು.

ಧಾರವಾಡದ ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಅದು ಏಳು ಗುಡ್ಡಗಳ ಊರು ಎಂದು ಅಲ್ಲಿನವರೇ ಹೇಳುತ್ತಾರೆ, ಏರಿಳಿತ ಇದ್ದೇ ಇದೆ. ನಿಮ್ಮ ಮಂಡಿಗೆ ಏರು ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟ. ಆದ್ದರಿಂದ ಮನೆ ಹುಡುಕುವಾಗ ಕಾರಿನಲ್ಲಿ ಸುತ್ತಬೇಡಿ. ಮನೆಯಿಂದ ತರಕಾರಿ ಅಂಗಡಿಗೆ, ಔಷಧಿ ಅಂಗಡಿಗೆ, ಬಸ್ ಸ್ಟಾಪಿಗೆ ಕೈಯಲ್ಲೊಂದು ಚೀಲ ಹಿಡಿದು ನಡೆದು ನೋಡಿ. ಮಳೆಗಾಲದಲ್ಲಿ ಪಡುವಣ ಗಾಳಿ ಜೋರು, ಜಿಟಿಜಿಟಿ ಹಿಡಿದರೆ ಎರಡು ಮೂರು ವಾರ ಬಿಡುವುದಿಲ್ಲ. ಊರಿನಿಂದ ಪಶ್ಚಿಮಕ್ಕೆ ಅಳ್ನಾವರದ ದಿಕ್ಕಿಗೆ ಹೋದಷ್ಟೂ ಮಳೆ ಹೆಚ್ಚು, ಪೂರ್ವಕ್ಕೆ ನವಲಗುಂದದ ದಿಕ್ಕಿಗೆ ಹೋದಷ್ಟೂ ಕಡಿಮೆ. ಊರು ನಿಂತಿರುವುದೇ ಮಲೆನಾಡು–ಬಯಲುಸೀಮೆಗಳ ಗಡಿಯ ಮೇಲೆ. ಮಣ್ಣೂ ಹಾಗೆಯೇ. ಗುಡ್ಡದ ಕಡೆ ಕೆಮ್ಮಣ್ಣು, ಬಯಲಿನ ಕಡೆ ಎರೆಮಣ್ಣು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅಡಿಪಾಯ ಸರಿಯಿಲ್ಲದ ಮನೆಯಾದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏರಿರುತ್ತದೆ. ಹೊಸ ಸುಣ್ಣಬಣ್ಣದ ಅಡಿಯಲ್ಲೂ ಬೆರಳಾಡಿಸಿದರೆ ಗೊತ್ತಾಗುತ್ತದೆ. ಮಳೆ ಮುಗಿದ ಮೇಲೆ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದು ಹೂ ಬಿಡುತ್ತದೆ. ಅಲರ್ಜಿ ಪರೀಕ್ಷೆಯಲ್ಲಿ ಅದಕ್ಕೇ ದದ್ದು ಎದ್ದರೆ ಖಾಲಿ ಸೈಟುಗಳ ನಡುವಿನ ಹೊಸ ಬಡಾವಣೆ ಬೇಡ. ಹಳೆಯ ಮನೆಗಳು ಒತ್ತೊತ್ತಾಗಿರುವ ಮಾಳಮಡ್ಡಿ, ಸಪ್ತಾಪುರದಂಥ ಕಡೆ ನೋಡಿ.

ನೀರಿನದು ಇನ್ನೊಂದು ಕತೆ. ಹುಬ್ಬಳ್ಳಿ–ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆ. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ವ್ಯವಸ್ಥೆ ಆರಂಭವಾಯಿತು, ಬೇರೆ ವಾರ್ಡುಗಳ ಜನ ದಿನಗಟ್ಟಲೆ ನಳದ ದಾರಿ ಕಾಯುವುದು ಮುಂದುವರಿಯಿತು. ಮನೆ ಮಾಲೀಕರನ್ನು ಕೇಳಿದರೆ ನೀರಿಗೇನೂ ತೊಂದರೆ ಇಲ್ಲ ಎನ್ನುತ್ತಾರೆ. ನೀವು ತಲೆ ಎತ್ತಿ ಓಣಿಯ ಮಾಳಿಗೆಗಳನ್ನು ನೋಡಿ. ಮನೆಗೊಂದು ಸಣ್ಣ ಟ್ಯಾಂಕ್ ಇದ್ದರೆ ನೀರು ದಿನವೂ ಬರುತ್ತದೆ. ಎರಡು ಮೂರು ದೊಡ್ಡ ಕರಿ ಟ್ಯಾಂಕುಗಳು ಸಾಲಾಗಿ ಕೂತಿದ್ದರೆ, ಅಂಗಳದಲ್ಲಿ ಬ್ಯಾರೆಲ್ಲುಗಳೂ ಇದ್ದರೆ, ಉತ್ತರ ಸಿಕ್ಕಂತೆ. ಈ ಉಪಾಯ ಯಾವ ಊರಿಗೂ ನಡೆಯುತ್ತದೆ.

ಆಸ್ಪತ್ರೆಗೆ ಸತ್ತೂರಿನಲ್ಲಿ ಎಸ್‌ಡಿಎಂ ಇದೆ, ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್, ನಡುವೆ ಚಿಗರಿ ಎಂಬ ವೇಗದ ಬಸ್ಸುಗಳ ಓಡಾಟ. ಇಷ್ಟು ಸಾಕು.

ಈಗ ಫ್ಲ್ಯಾಟಿನ ವಿಷಯ. ದಯವಿಟ್ಟು ಮಾರಬೇಡಿ, ಬಾಡಿಗೆಗೆ ಕೊಡಿ. ಆ ಬಾಡಿಗೆಯಲ್ಲಿ ಧಾರವಾಡದ ಬಾಡಿಗೆ ಕಟ್ಟಿ ಕೈಯಲ್ಲಿ ಉಳಿಯುವ ಸಂಭವವೇ ಹೆಚ್ಚು. ನಮ್ಮಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಬರೆಯುವ ಪದ್ಧತಿ ಇದೆಯಲ್ಲ, ಹವೆ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಅವಧಿಯಿಲ್ಲ. ಮಾರ್ಚ್‌ಗೆ ನಿವೃತ್ತರಾಗಿ ಏಪ್ರಿಲ್ ಒಂದಕ್ಕೆ ಹೋದರೆ ಮೊದಲು ಕಾಣುವುದು ಸುಡುಬಿಸಿಲು. 37–38ರ ಹಗಲಿನಲ್ಲಿ ಮೇಲ್ಮನೆಯಾದರೆ ಹೇಗಿರುತ್ತದೆ, ಕೆಳಮನೆಯಾದರೆ ಹೇಗೆ ಎಂದು ತಿಳಿಯುತ್ತದೆ. ಮೇ ತಿಂಗಳಲ್ಲಿ ಅಡ್ಡಮಳೆ, ಜುಲೈನಲ್ಲಿ ಜಿಟಿಜಿಟಿ, ಅಕ್ಟೋಬರಿನಲ್ಲಿ ಕಾಂಗ್ರೆಸ್ ಹೂವು, ಡಿಸೆಂಬರಿನಲ್ಲಿ ಚಳಿಗಾಳಿ. ಫೆಬ್ರುವರಿಗೆ ಕರಾರು ಮುಗಿಯುವಾಗ ಎಲ್ಲ ಕಾಲಗಳೂ ನಿಮ್ಮ ಮೈಮೇಲೆ ಹಾದುಹೋಗಿರುತ್ತವೆ.

ಆ ಹನ್ನೊಂದು ತಿಂಗಳು ಒಂದು ನೋಟ್‌ಬುಕ್ ಇಡಿ. ಮಲಗುವ ಕೋಣೆಯಲ್ಲಿ ಉಷ್ಣಾಂಶ ಮತ್ತು ತೇವ ತೋರಿಸುವ ಪುಟ್ಟ ಮೀಟರು ಇಡಿ, ನಾಲ್ಕಾರು ನೂರು ರೂಪಾಯಿಗೆ ಸಿಗುತ್ತದೆ. ದಿನಾ ರಾತ್ರಿ ಮಲಗುವಾಗ ಎರಡು ಅಂಕಿ ಬರೆಯಿರಿ. ಪಕ್ಕದಲ್ಲಿ ಮನೆಯವರು ಆ ದಿನ ಇನ್‌ಹೇಲರ್ ಎಷ್ಟು ಬಾರಿ ಎಳೆದರು, ನೀವು ಎಷ್ಟು ನಡೆದಿರಿ, ಅವರು ಎಷ್ಟು ಹೊತ್ತು ಹಾಡಿದರು ಎಂದು ಬರೆಯಿರಿ. ಮನೆಯೊಳಗಿನ ತೇವ ವಾರಗಟ್ಟಲೆ ಶೇಕಡಾ 60ಕ್ಕಿಂತ ಮೇಲಿದ್ದು ಇನ್‌ಹೇಲರ್ ಲೆಕ್ಕವೂ ಏರುತ್ತಿದ್ದರೆ ಮೊದಲು ಮನೆ ಬದಲಿಸಿ ನೋಡಿ. ಪಡುವಣ ಗೋಡೆಗೆ ಮಳೆ ಹೊಡೆಯದ, ಬೆಳಗಿನ ಬಿಸಿಲು ಕೋಣೆಯೊಳಗೆ ಬೀಳುವ ಮನೆ ಹುಡುಕಿ. ಒಂದೇ ಓಣಿಯಲ್ಲಿ ಎರಡು ಮನೆಗಳ ಹವೆ ಬೇರೆಯಾಗಿರುವುದನ್ನು ನಾನು ಕಂಡಿದ್ದೇನೆ. ಅದೂ ಫಲಿಸದಿದ್ದರೆ ಮುಂದಿನ ಹನ್ನೊಂದು ತಿಂಗಳು ಮೈಸೂರು. ಆಗ ನಿಮ್ಮ ಕೈಯಲ್ಲಿ ನಿಮ್ಮದೇ ಅಂಕಿಗಳಿರುತ್ತವೆ, ನನ್ನಂಥವನನ್ನು ಕೇಳುವ ಅಗತ್ಯವೂ ಇರುವುದಿಲ್ಲ.

ಸಕಲೇಶಪುರದ ಆ ಜಾಗ ನಿಮ್ಮನ್ನು ಇನ್ನೂ ಕರೆಯುತ್ತಿದ್ದರೆ ಅದಕ್ಕೂ ಒಂದು ದಾರಿಯಿದೆ. ಮಾರುವವರಿಗೆ ಜುಲೈ ನಂತರ ತಿಳಿಸುತ್ತೇವೆ ಎಂದು ಹೇಳಿ. ಅಷ್ಟರಲ್ಲಿ ಪಹಣಿ, ಭೂಪರಿವರ್ತನೆಯ ಆದೇಶ, ಡೀಮ್ಡ್ ಅರಣ್ಯದ (ಅರಣ್ಯವೆಂದೇ ಪರಿಗಣಿಸಿದ ಜಾಗದ) ತಕರಾರು ಇದೆಯೇ ಇಲ್ಲವೇ ಎಂಬುದನ್ನೆಲ್ಲ ನಿಮ್ಮದೇ ವಕೀಲರಿಂದ ನೋಡಿಸಿ, ಮಾರುವವರು ಗೊತ್ತುಮಾಡಿಕೊಟ್ಟ ವಕೀಲರಿಂದ ಬೇಡ. ಜುಲೈ ಎರಡನೇ ವಾರ, ಪುನರ್ವಸು ಮಳೆ ಹಿಡಿದಿರುವಾಗ, ಅದೇ ಹೋಮ್‌ಸ್ಟೇಗೆ ಹೋಗಿ ಎಂಟು ದಿನ ಇರಿ. ನೆಬ್ಯುಲೈಸರ್ ಜೊತೆಗಿರಲಿ, ತಂಬೂರಿ ಮನೆಯಲ್ಲೇ ಇರಲಿ. ಬಟ್ಟೆ ಒಗೆದು ಒಣಹಾಕಿ, ಬೆಳಿಗ್ಗೆ ನಡೆಯಲು ಹೊರಡಿ, ಒಂದು ಸಂಜೆ ಕತ್ತಲಾದ ಮೇಲೆ ಹಾಸನದ ಆಸ್ಪತ್ರೆಯ ಬಾಗಿಲವರೆಗೆ ಕಾರು ಓಡಿಸಿಕೊಂಡು ಹೋಗಿ ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡಿ. ಎಂಟನೆಯ ದಿನ ಮನೆಯವರು ಏನು ಹೇಳುತ್ತಾರೋ ಕೇಳಿ, ಅವರ ಮಾತಿನಂತೆ ಮಾಡಿ.